ಕ್ಯಾಂಪಿಗೆ ಕರಿ ಕಂಬಳಿನೋ, ಸ್ಲೀಪಿಂಗ್ ಬ್ಯಾಗೋ?

ಜಾಂಬೋಟಿ_ಮಳಿ
ಎಲ್ಲಾರಿಗೂ ನಮಸ್ಕಾರ್ರಿ. ಕ್ಯಾಂಪಿಂಗ್ ಸಾಮಾನಿನ ಮಾತು ಬಂದಾಗೆಲ್ಲಾ ದೊಡ್ಡ ಊರಿನ ಅಂಗಡಿ ಪಟ್ಟಿನ ಓದತೀವಿ. ಆ ಪಟ್ಟಿ ಹಿಮಾಲಯಕ್ಕ ಹೊಂಟವ್ರಿಗೆ ಮಾಡಿದ್ದು. ನಮ್ಮ ಕಡೆ ಹವಾ ಎಷ್ಟು ಥರದ್ದು ಐತಿ ನೋಡ್ರಿ. ಖಾನಾಪುರ ತಾಲ್ಲೂಕಿನ ಕಣಕುಂಬಿಯೊಳಗ ವರ್ಷಕ್ಕ 3000 ಮಿಲಿಮೀಟರ್ ದಾಟಿ ಮಳಿ ಸುರೀತೈತಿ, ವಿಜಯಪುರಕ್ಕ ಹೋದ್ರ 600ರ ಆಸುಪಾಸು. ಚಳಿಗಾಲದ ನಸುಕಿನ್ಯಾಗ ಬೆಳಗಾವಿ 10 ಡಿಗ್ರಿಯ ಹತ್ರ ಇಳೀತೈತಿ, ಬ್ಯಾಸಗಿಯೊಳಗ ವಿಜಯಪುರ 40 ದಾಟತೈತಿ.

ಇದಕ್ಕೆಲ್ಲಾ ಒಗ್ಗೋ ಸಾಮಾನು ಒಂದ ಐತಿ ಅನ್ನೋದು ನನ್ನ ಮಾತು: ಕೈಮಗ್ಗದ ಕರಿ ಕಂಬಳಿ. ಹಾಸಾಕೂ ಅದ, ಹೊದಿಯಾಕೂ ಅದ, ತಲಿ ಮ್ಯಾಲಿಂದ ಕೊಪ್ಪಿ ಮಾಡ್ಕೊಂಡು ಮಳ್ಯಾಗ ನಡ್ಯಾಕೂ ಅದ. ಸ್ಲೀಪಿಂಗ್ ಬ್ಯಾಗ್ ಮಲಗಾಕ ಬಿಟ್ರ ಬ್ಯಾರೆ ಯಾವುದಕ್ಕೂ ಬರೂದಿಲ್ಲ. ನಿಮ್ಮ ಕೈಯಾಗಿನ ಅಚ್ಚುಮೆಚ್ಚಿನ ಸಾಮಾನು ಯಾವುದು, ಯಾಕ ಅಂತ ಹೇಳ್ರಿ. ನನ್ನ ಮಾತು ಒಪ್ಪದಿದ್ರ ಅದನ್ನೂ ಹೇಳ್ರಿ.

ಬಾದಾಮಿ_ಬಂಡಿ
ನಾನು ಒಪ್ಪೂದಿಲ್ಲ ಅಣ್ಣಾ. ತೂಕದ ಲೆಕ್ಕ ಹಾಕು. ನಾವು ಬಾದಾಮಿಯೊಳಗ ಕಲ್ಲು ಹತ್ತೋರು. 60 ಮೀಟರ್ ಹಗ್ಗ ಒಂದ 4 ಕಿಲೋ ತೂಗತೈತಿ. ಮ್ಯಾಲ ಹಾರ್ನೆಸ್ (ಸೊಂಟದ ಪಟ್ಟಾ), ಕ್ವಿಕ್‌ಡ್ರಾ (ಹಗ್ಗ ಸಿಗಸೋ ಜೋಡಿ ಕೊಂಡಿ), ಶೂ, ನೀರು. ಅದರ ಮ್ಯಾಲ ಎರಡೂವರಿ ಕಿಲೋದ ಕಂಬಳಿ ಯಾರು ಹೊರ್ತಾರ? 10 ಡಿಗ್ರಿ ಚಳಿ ತಡ್ಯೋ ಸ್ಲೀಪಿಂಗ್ ಬ್ಯಾಗ್ ಒಂದು ಕಿಲೋ ಆಜುಬಾಜು ಇರತೈತಿ, ಒತ್ತಿ ಕಟ್ಟಿದ್ರ ಬ್ಯಾಗಿನ ಮೂಲ್ಯಾಗ ಕುಂದರತೈತಿ. ಕಂಬಳಿ ಹಂಗ ಒತ್ತಾಕ ಬರೂದಿಲ್ಲ.

ನನ್ನ ಅಚ್ಚುಮೆಚ್ಚಿನ ಸಾಮಾನು ತಾಡಪತ್ರಿ, ಒಂದೂವರಿ ಮೀಟರ್ ಚೌಕದ್ದು. ಹಗ್ಗದ ಕೆಳಗ ಹಾಸೋದು. ಬಾದಾಮಿದು ಮಳಲುಗಲ್ಲು, ಉದುರಿದ ಮಳಲು ನೆಲದ ತುಂಬಾ. ಹಗ್ಗ ಹಂಗ ನೆಲಕ್ಕ ಚೆಲ್ಲಿದ್ರ ಆ ಮಳಲು ಹೊರಗಿನ ಹೆಣಿಕಿ ದಾಟಿ ಒಳಗ ಸೇರಿ ಎಳಿ ತಿನ್ನತೈತಿ, ಹಗ್ಗ ಹಾಯೋ ಕೊಂಡಿ, ಅಂದ್ರ ಕ್ಯಾರಬಿನರೂ ಸವಿಸತೈತಿ. ಸಾವಿರಾರು ರೂಪಾಯಿ ಹಗ್ಗಕ್ಕ ಇದರಂಥಾ ಕಾವಲು ಇನ್ನೊಂದಿಲ್ಲ. ಹೊಸದಾಗಿ ಬರೋರಿಗೆ ಇನ್ನೊಂದು ಮಾತು: ಮಳಿ ನಿಂತ ಕೂಡ್ಲೇ ಬಂಡಿಗಲ್ಲಿಗೆ ಕೈ ಹಚ್ಚಬ್ಯಾಡ್ರಿ. ಮಳಲುಗಲ್ಲು ತೊಯ್ದಾಗ ಬಲ ಕಳ್ಕೋತೈತಿ, ಹಿಡಿಕಿ ಮುರೀತಾವು. ಪೂರಾ ಒಣಗೋತನಕ ಬಿಡ್ರಿ.

ಸಿಂದಗಿ_ಅಕ್ಕ
ನಾನು ಶಾಲೆಯ ಮಕ್ಕಳನ್ನು ಹೊಲದ ಕ್ಯಾಂಪಿಗೆ ಕರೆದುಕೊಂಡು ಹೋಗುವವಳು, ಬಹಳವಾಗಿ ವಿಜಯಪುರ ಜಿಲ್ಲೆಯೊಳಗೇ. ಎಲ್ಲರೂ ಮೇಲೆ ಏನು ಹೊದೆಯಬೇಕು ಅಂತ ಹೇಳುತ್ತಿದ್ದೀರಿ. ಕೆಳಗೆ ಏನು ಹಾಸಬೇಕು ಅನ್ನುವುದೇ ದೊಡ್ಡ ಪ್ರಶ್ನೆ. ಸ್ಲೀಪಿಂಗ್ ಬ್ಯಾಗಿನ ಕೆಳಭಾಗ ಮೈಭಾರಕ್ಕೆ ಅಪ್ಪಚ್ಚಿಯಾಗುತ್ತದೆ, ಆಗ ನೆಲದ ತಂಡಿ ನೇರ ಬೆನ್ನಿಗೆ. ಅದಕ್ಕೆ ಗಾಳಿ ತುಂಬುವ ಮ್ಯಾಟ್ ತಗೊಳ್ಳಿ ಅನ್ನುತ್ತಾರೆ. ನಮ್ಮ ಕಡೆ ಬಳ್ಳಾರಿ ಜಾಲಿ ಮುಳ್ಳು ಬೀಳದ ನೆಲ ಎಲ್ಲಿದೆ? ಚಪ್ಪಲಿ ತಳವನ್ನೇ ತೂತು ಮಾಡುವ ಮುಳ್ಳು ಅದು, ಗಾಳಿ ಮ್ಯಾಟ್ ಒಂದು ರಾತ್ರಿ ಬಾಳುವುದಿಲ್ಲ.

ಫೋಮ್ ಶೀಟು ಅಥವಾ ದಪ್ಪ ಕಂಬಳಿ, ಇವೆರಡೇ ನನಗೆ ನಂಬಿಕೆ. ಮುಳ್ಳು ಚುಚ್ಚಿದರೂ ಕಿತ್ತು ಒಗೆದು ಮಲಗಬಹುದು.

ನನ್ನ ಚೀಲದಲ್ಲಿ ತಪ್ಪದೇ ಇರುವುದು ಜಾತ್ರೆಯಲ್ಲಿ ಸಿಗುವ ಕಬ್ಬಿಣದ ಚಿಮಟಿಗೆ. ಮುಳ್ಳು ಕಡ್ಡಿ, ಕಿವಿ ಗುಗ್ಗಿ ತೆಗೆಯುವ ಕಡ್ಡಿ ಜೊತೆಗೆ ಒಂದೇ ಬಳೆಗೆ ಕೋದು ಮಾರುತ್ತಾರಲ್ಲ, ಅದು. ಹಿರಿಯರು ಉಡದಾರಕ್ಕೆ ಕಟ್ಟಿಕೊಳ್ಳುತ್ತಿದ್ದರು. ಚಾಕು, ಇಕ್ಕಳ ಎಲ್ಲ ಒಂದರಲ್ಲೇ ಇರುವ ದುಬಾರಿ ಮಲ್ಟಿಟೂಲಿನ ಇಕ್ಕಳದ ತುದಿ ದಪ್ಪ, ಜಾಲಿ ಮುಳ್ಳಿನ ಮುರಿದ ಮೊನೆ ಅದರಲ್ಲಿ ಸಿಗುವುದಿಲ್ಲ.

ಕುರಿಹಟ್ಟಿ_ಹುಡುಗ
ಅಕ್ಕಾರ ಮಾತು ಖರೆ ಐತಿ. ನಮ್ಮದು ಕುರಿ ಕಾಯೋ ಮನಿತನ, ಬಾಗಲಕೋಟೆ ಕಡೆ. ಕಂಬಳಿ ಬಗ್ಗೆ ಸ್ವಲ್ಪ ಬಿಡಿಸಿ ಹೇಳತೀನಿ, ಯಾಕಂದ್ರ ಎಷ್ಟೋ ಮಂದಿ ಕಂಬಳಿ ಅಂತ ತಂದಿದ್ದು ಕಂಬಳಿನ ಅಲ್ಲ.

ದಖನಿ ತಳಿ ಕುರಿ ಉಣ್ಣೆ ಒರಟು, ಕೂದಲು ಇದ್ದಂಗ ಇರತೈತಿ. ಶಾಲು ಸ್ವೆಟರ್‌ಗೆ ಬರೂದಿಲ್ಲ, ಆದ್ರ ಬಯಲಾಗ ಬಾಳಾಕ ಅದ ಬೇಕು. ನೇದ ಮ್ಯಾಲ ಸರಿ, ಅಂದ್ರ ಗಂಜಿ ಹಚ್ಚತಾರ. ಹುಣಸಿ ಬೀಜ ಹುರಿದು, ಸಿಪ್ಪಿ ಬಿಡಿಸಿ, ನೆನಸಿ, ಅರದು, ಗಂಜಿ ಆಗೂಹಂಗ ಕುದಿಸಿ ದೊಡ್ಡ ಕುಂಚದಲೆ ತಿಕ್ಕೋದು. ಒಣಗಿದ ಮ್ಯಾಲ ಕಂಬಳಿ ಸೆಟದು ನಿಲ್ಲತೈತಿ. ಕೊಪ್ಪಿ ಹಾಕ್ಕೊಂಡಾಗ ಮಳಿ ಹನಿ ಒಳಗ ಇಳೀದ ಮ್ಯಾಲಿಂದ ಜಾರಿ ಹೋಗೋದು ಇದರಿಂದ. ಸೋಪು ಹಚ್ಚಿ ತೊಳದು ಸರಿ ಕಳದ್ರ ಆ ಗುಣ ಹೋತು. ಆಮ್ಯಾಲ ಕಂಬಳಿ ಮಳಿ ತಡಿಯೂದಿಲ್ಲ ಅಂತ ದೂರೋದು ತಪ್ಪು, ಮತ್ತ ಸರಿ ಹಚ್ಚಬೇಕು.

ಬಂಡಿ ಅಣ್ಣಾರ, ತೂಕದ ಲೆಕ್ಕ ನೀವು ಒಣಗಿದಾಗಿಂದು ಹಾಕಿರಿ. ತೊಯ್ದಾಗ ನೋಡ್ರಿ. ಪುಕ್ಕ ತುಂಬಿದ ಬ್ಯಾಗ್ ತೊಯ್ದ್ರ ಗಂಟು ಕಟ್ಟಿ ಬೆಚ್ಚಗಿನ ಗುಣಾನ ಹೋಗತೈತಿ. ಉಣ್ಣೆ ತನ್ನ ತೂಕದ ಮೂರನೇ ಒಂದು ಪಾಲಿನ ತನಕ ತೇವಾ ಹೀರಿದ್ರೂ ಮೈಗೆ ಹಸಿ ಅನಸೂದಿಲ್ಲ. ಇನ್ನ ಬೆಂಕಿ. ನೈಲಾನು 220ರಿಂದ 260 ಡಿಗ್ರಿಯೊಳಗ ಕರಗತೈತಿ, ಒಂದು ಕಿಡಿ ಸಿಡಿದ್ರ ಸ್ಲೀಪಿಂಗ್ ಬ್ಯಾಗಿಗೆ ತೂತು. ಉಣ್ಣೆ ಕರಗೂದಿಲ್ಲ, ಕಿಡಿ ಬಿದ್ದಲ್ಲಿ ಕಪ್ಪಾಗಿ ಅಲ್ಲೇ ಆರತೈತಿ. ಹಟ್ಟಿಯೊಳಗ ಒಲಿ ಹತ್ರ ಮಕ್ಕಳನ್ನ ಕಂಬಳಿ ಮ್ಯಾಲ ಮಲಗಸೋದು ಅದಕ್ಕ.

ಬಾದಾಮಿ_ಬಂಡಿ
ತಮ್ಮಾ, ಪುಕ್ಕದ ಮಾತು ಒಪ್ಪಿದೆ. ಆದ್ರ ನಾನು ಹೇಳಿದ್ದು ಸಿಂಥೆಟಿಕ್ ಬ್ಯಾಗ್, ಅದು ತೊಯ್ದ್ರೂ ಸ್ವಲ್ಪ ಬೆಚ್ಚಗ ಇಡತೈತಿ, ಗಾಳಿಗೆ ಹಾಕಿದ್ರ ಲಗೂನ ಒಣಗತೈತಿ. ನಿನ್ನ ಕಂಬಳಿ ಪೂರಾ ನೆನದ್ರ ಒಣಗಾಕ ಎಷ್ಟು ದಿನ? ನೀರು ಕುಡಿದ ಕಂಬಳಿ ಹೊತ್ತು ಗುಡ್ಡ ಇಳೀಬೇಕಾದ್ರ ಹೆಗಲಿಗೆ ಗೊತ್ತಾಗತೈತಿ. ಮತ್ತ ನಮ್ಮ ಹತ್ತೋ ಹಂಗಾಮು ನವೆಂಬರ್‌ನಿಂದ ಫೆಬ್ರವರಿ. ಮಳಿನ ಇಲ್ಲದಾಗ ಮಳಿ ತಡ್ಯೋ ಗುಣಕ್ಕ ಅಷ್ಟು ಭಾರ ಯಾಕ ಹೊರಬೇಕು?

ಜಾಂಬೋಟಿ_ಮಳಿ
ಕಣಕುಂಬಿ ಕಡೆ ಜುಲೈದಾಗ ಕಂಬಳಿ ಒಣಗೂದಿಲ್ಲ ಅನ್ನೋದನ್ನ ನಾನೂ ಒಪ್ಪತೀನಿ. ಅಲ್ಲಿ ಸ್ಲೀಪಿಂಗ್ ಬ್ಯಾಗೂ ಒಣಗೂದಿಲ್ಲ ಬಿಡ್ರಿ, ಗಾಳಿನ ನೀರಾಗಿರತೈತಿ. ಅಲ್ಲಿ ಮೊದಲ ತಾಡಪತ್ರಿ ಮ್ಯಾಲ ಕಟ್ಟಬೇಕು, ಕಂಬಳಿ ಅದರ ಕೆಳಗ.

ಕಟ್ಟೋ ಹಗ್ಗದ ಬಗ್ಗೇನೂ ಒಂದು ಮಾತು ಹೇಳಬೇಕು. ಎಲ್ಲಾರೂ ಪ್ಯಾರಾಕಾರ್ಡ್ ಅಂತಾರ. ಅದು ನೈಲಾನು, ತೊಯ್ದ್ರ ಉದ್ದ ಆಗತೈತಿ. ಸಂಜಿಗೆ ಬಿಗಿಯಾಗಿ ಕಟ್ಟಿದ ತಾಡಪತ್ರಿ ನಡುರಾತ್ರಿ ಜೋಲು ಬಿದ್ದು ನಡುವ ನೀರು ನಿಲ್ಲತೈತಿ. ಪುಂಡಿ ನಾರಿನ ಹಗ್ಗ ತೊಯ್ದ್ರ ಬಿಗಿ ಆಗತೈತಿ, ಅದಕ್ಕ ಕಟ್ಟುವಾಗ ಸ್ವಲ್ಪ ಸಡಿಲ ಬಿಡಬೇಕು. ಒಣಗಸದ ಇಟ್ರ ಕೊಳೀತೈತಿ ಅನ್ನೋದೊಂದ ಅದರ ದೋಷ. ಹಳ್ಳಿ ಸಂತ್ಯಾಗ ಪುಂಡಿ ಹಗ್ಗ ಕಂಡಲ್ಲಿ ನಾನು ಬಿಡೂದಿಲ್ಲ.

ಗೋಕಾಕ_ಕುಲುಮಿ
ಯಾರೂ ಚಾಕುವಿನ ಮಾತ ಎತ್ತಲಿಲ್ಲ, ಹಂಗಾರ ನಾನು ಎತ್ತತೀನಿ. ನಾನು ಕಂಬಾರರ ಪೈಕಿ. ಸ್ವೀಡನ್ನಿನ ಮೋರಾ ಚಾಕು ಛಲೋ ಐತಿ, ಅದರಾಗ ಎರಡು ಮಾತಿಲ್ಲ. 10 ಸೆಂಟಿಮೀಟರ್ ಆಸುಪಾಸಿನ ಅಲಗು, ನೆಟ್ಟಗಿನ ಸಾಣಿ, ಕಲ್ಲಿನ ಮ್ಯಾಲ ಮಟ್ಟಸ ಇಟ್ಟು ಮಸೀಬಹುದು. ಆದ್ರ ಅದ ಮಾಪಿನ ಚಾಕು ನಮ್ಮ ಕುಲುಮಿಯೊಳಗ ಲಾರಿ ಪಾಟಾದಿಂದ ಮಾಡಿಸಬಹುದು. ಪಾಟಾ ಅಂದ್ರ ಸ್ಪ್ರಿಂಗ್ ಉಕ್ಕು, ಬಾಗಿದ್ರೂ ಮುರಿಯೂದಿಲ್ಲ. ಎಣ್ಣ್ಯಾಗ ಹದ ಹಾಕಿಸ್ರಿ, ಆಮ್ಯಾಲ 200 ಡಿಗ್ರಿ ಆಜುಬಾಜು ಮತ್ತೊಮ್ಮಿ ಕಾಸಿ ಗೋದಿ ಹುಲ್ಲಿನ ಬಣ್ಣ ಬಂದ ಕೂಡ್ಲೇ ನಿಲ್ಲಿಸಾಕ ಹೇಳ್ರಿ. ಎರಡನೇ ಕಾಸು ಬಿಟ್ರ ಅಲಗು ಗಾಜಿನಂಗ ಸಿಡೀತೈತಿ.

ತುಕ್ಕಿಗೆ ಗಾಣದ ಕುಸಬಿ ಎಣ್ಣಿ. ಕೊಬ್ರಿ ಎಣ್ಣಿ ಜಿಡ್ಡಾಗೇ ಉಳೀತೈತಿ, ಮಳಲು ಧೂಳು ಹಿಡೀತೈತಿ. ಕುಸಬಿ ಎಣ್ಣಿ ತೆಳ್ಳಗ ಸವರಿ ಬಿಟ್ರ ಗಾಳಿಗೆ ಆರಿ ಪೊರಿ ಕಟ್ಟತೈತಿ. ಹಿಡಿಕಿ ಕಟ್ಟಿಗಿಗೂ ಅದನ್ನ ಹಚ್ಚರಿ.

ಹೆಮ್ಮಡಗಾ_ದಾರಿ
ಕುಲುಮಿ ಅಣ್ಣಾರ ಚಾಕು ನನಗೂ ಇಷ್ಟ, ಆದರೆ ಒಂದು ಮಾತು ಗಟ್ಟಿಯಾಗಿ ಹೇಳಲೇಬೇಕು. ಖಾನಾಪುರ ತಾಲ್ಲೂಕಿನ ಭೀಮಗಡ 2011ರಿಂದ ವನ್ಯಜೀವಿ ಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೇ ಕಲಂ ಪ್ರಕಾರ ಲಿಖಿತ ಅನುಮತಿ ಇಲ್ಲದೆ ಆಯುಧ ಹಿಡಿದು ಧಾಮದೊಳಗೆ ಹೋಗುವ ಹಾಗಿಲ್ಲ, ಮತ್ತು ಆ ಕಾಯ್ದೆ ಆಯುಧ ಅನ್ನುವುದರಲ್ಲಿ ಚಾಕುವನ್ನೂ ಸೇರಿಸಿದೆ. 30ನೇ ಕಲಂ ಬೆಂಕಿಯ ಬಗ್ಗೆ. ಅಲ್ಲಿನ ಬಾರಾಪೇಡೆ ಗುಹೆಗಳಲ್ಲಿ ಜಗತ್ತಿನಲ್ಲೇ ಅಪರೂಪದ ರಾಟನ್ ಬಾವಲಿ ಇದೆ. ಅಂಥ ಕಾಡಿನೊಳಗೆ ಕಟ್ಟಿಗೆ ಕಡಿದು ಒಲೆ ಹೂಡುವುದು ಬುಷ್‌ಕ್ರಾಫ್ಟ್ (ಕಾಡಿನಲ್ಲಿ ಬದುಕುವ ಕೌಶಲ) ಅಲ್ಲ, ಅಪರಾಧ.

ಕೌಶಲ ಕಲಿಯಲು ಸ್ವಂತ ಹೊಲ ಇದೆ, ಪರಿಚಯದವರ ತೋಟ ಇದೆ. ಕೇಳಿದರೆ ರೈತರು ಇಲ್ಲ ಅನ್ನುವುದಿಲ್ಲ. ಧಾಮದ ಕಡೆ ಹೋಗುವಾಗ ನನ್ನ ಚೀಲದಲ್ಲಿ ಒಲೆಯೇ ಇರುವುದಿಲ್ಲ: ಖಟಕ್ ರೊಟ್ಟಿ, ಶೇಂಗಾ ಚಟ್ನಿ, ಕರದಂಟು. ಬೆಂಕಿ ಬೇಡ, ಹೊಗೆ ಇಲ್ಲ, ತೊಳೆಯಲು ಪಾತ್ರೆಯೂ ಇಲ್ಲ.

ಸಿಂದಗಿ_ಅಕ್ಕ
ಇದನ್ನು ಎಲ್ಲರೂ ಎರಡು ಸಲ ಓದಲಿ. ಗ್ಯಾಸ್ ಒಲೆ ಒಯ್ಯುವವರಿಗೆ ಇನ್ನೊಂದು: ಬ್ಯೂಟೇನ್ ಡಬ್ಬಿಯ ಮೇಲೆ 50 ಡಿಗ್ರಿ ದಾಟದಂತೆ ಇಡಿ ಅಂತ ಬರೆದಿರುತ್ತದೆ. ಏಪ್ರಿಲ್‌ನಲ್ಲಿ ವಿಜಯಪುರದ ಬಿಸಿಲಿಗೆ ನಿಲ್ಲಿಸಿದ ಕಾರಿನ ಒಳಗೆ ಅದಕ್ಕಿಂತ ಹೆಚ್ಚು ಕಾವು ಏರುತ್ತದೆ. ಕಾರಿನಲ್ಲಿ ಬಿಟ್ಟು ಹೋಗಬೇಡಿ.

ಬಾದಾಮಿ_ಬಂಡಿ
ಖಟಕ್ ರೊಟ್ಟಿಗೆ ನನ್ನ ಓಟು. ಆದ್ರ ಬಾದಾಮಿಗೆ ಬರೋರು ಅದನ್ನ ಕೊಂಡಿ ಇರೋ ಸ್ಟೀಲ್ ಡಬ್ಬ್ಯಾಗ ತರ್ರಿ. ಅರಿವಿ ಗಂಟಾದ್ರ ಮಂಗ್ಯಾ ಬಿಡೂದಿಲ್ಲ.

ಕಂಬಳಿ ವಿಷಯದಾಗ ನಾನು ಅರ್ಧ ಸರೀತೀನಿ. ಹೊಲದಾಗ, ಒಲಿ ಹತ್ರ, ಗಾಡಿ ಹೋಗೋ ಜಾಗಾದಾಗ ಕಂಬಳಿ. ಹಗ್ಗ ಹೊತ್ತು ನಡಿಯೋವಾಗ ನನಗ ಸ್ಲೀಪಿಂಗ್ ಬ್ಯಾಗ್, ಅದರಾಗ ಬದಲಿಲ್ಲ. ತಮ್ಮಾ, ಒಂದು ಕೊಳ್ಳಬೇಕಂದ್ರ ಖರೇ ಕಂಬಳಿ ಹೆಂಗ ಗುರುತು ಹಿಡೀಬೇಕು?

ಕುರಿಹಟ್ಟಿ_ಹುಡುಗ
ಅಣ್ಣಾರ, ಅಂಚಿನ ಒಂದು ಎಳಿ ಕಿತ್ತು ಕಡ್ಡಿ ಗೀರಿ ಹಚ್ಚರಿ. ಕೂದಲು ಸುಟ್ಟ ವಾಸನಿ ಬಂದು, ಬೂದಿ ಬಳ್ಳಾಗ ಪುಡಿ ಆದ್ರ ಉಣ್ಣೆ. ಕರಗಿ ಗಟ್ಟಿ ಗುಳಿಗಿ ಆದ್ರ ಅದು ಅಕ್ರಿಲಿಕ್ ಇಲ್ಲಾ ಪಾಲಿಯೆಸ್ಟರ್, ಒಲಿ ಹತ್ರ ಒಯ್ಯಬ್ಯಾಡ್ರಿ. ಪಾಣಿಪತದಿಂದ ಬರೋ ಅಗ್ಗದ ಹೊದಿಕ್ಯಾಗ ಹಳೇ ಬಟ್ಟಿ ಹರಿದು ಮತ್ತ ನೂತಿದ್ದ ಭಾಳ. ಎರಡನೇದು, ನಡುವ ಹೊಲಿಗಿ ನೋಡ್ರಿ. ಕೈಮಗ್ಗದ ಅಗಲ ಸಣ್ಣದು, ಅದಕ್ಕ ಎರಡು ಪಟ್ಟಿ ಜೋಡಿಸಿ ಹೊಲದಿರತಾರ.

ಲಗೂನ ಕೊಳ್ರಿ. ನಮ್ಮ ಕಡೆ ಈಗ ಮಾಂಸದ ಸಲುವಾಗಿ ಯಳಗ ತಳಿ ಕುರಿ ಸಾಕೋರು ಹೆಚ್ಚು, ಆ ಕುರಿಗೆ ಮೈಮ್ಯಾಲ ಉಣ್ಣೆ ಕಡಿಮಿ. ಉಣ್ಣೆ ಕತ್ತರಿಸೋ ಕೂಲಿನೂ ಹುಟ್ಟೂದಿಲ್ಲ ಅಂತ ದಖನಿ ಬಿಟ್ಟವ್ರು ಎಷ್ಟೋ ಮಂದಿ. ನೇಯೋರ ಮನಿಗೇ ಹೋಗಿ ತೊಗೊಂಡ್ರ ಸರಿ ನಿಮ್ಮ ಮುಂದ ಹಚ್ಚಿಸ್ಕೊಬಹುದು, ರೊಕ್ಕಾನೂ ಅವ್ರ ಕೈಗೆ ಹೋಗತೈತಿ.

ಬಾದಾಮಿ_ಬಂಡಿ
ಹೋಗೂನು. ಬರೋ ರವಿವಾರ ನೀನ ಜೋಡಿ ಬಾ, ಆರಿಸಿ ಕೊಡು. ಇಡೋದು ಹೆಂಗ, ಹುಳಾ ಹತ್ತೂದಿಲ್ಲೇನು?

ಕುರಿಹಟ್ಟಿ_ಹುಡುಗ
ಹತ್ತತೈತಿ ಅಣ್ಣಾರ. ಬಿಸಲಿಗೆ ಹಾಕಿ ಕೊಡವಿ, ಒಣಗಿದ ಬೇವಿನ ತಪ್ಪಲಾ ಮಡಿಕಿಯೊಳಗ ಇಟ್ಟು ಕಟ್ಟರಿ. ಪ್ಲಾಸ್ಟಿಕ್ ಚೀಲದಾಗ ಇಡಬ್ಯಾಡ್ರಿ, ಅರಿವಿ ಗಂಟು ಸಾಕು. ರವಿವಾರ ಬರತೀನಿ.