ಪದಚರ್ಚೆ: ‘ಕ್ಯೂ’ ಎಂಬುದಕ್ಕೆ ಸನ್ನೆಯೋ, ಸುಳಿವೋ?

ಬೀದರಿನ ನಮ್ಮ ಚರ್ಚಿನಲ್ಲಿ ಆರಾಧನೆಯ ಹೊತ್ತಿಗೆ ಪ್ರೊಜೆಕ್ಟರ್, ಮೈಕ್, ಕ್ಯಾಮೆರಾ ನೋಡಿಕೊಳ್ಳುವ ಯುವಜನರಿಗಾಗಿ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಯಂತ್ರಗಳ ಹೆಸರುಗಳಿಂದ ತೊಡಕಿಲ್ಲ. ಕೇಬಲ್, ಸ್ಲೈಡ್, ಲ್ಯಾಪ್‌ಟಾಪ್ ಎಲ್ಲರ ಬಾಯಲ್ಲೂ ಇರುವ ಮಾತುಗಳು. ಅವನ್ನು ಹಾಗೆಯೇ ಬರೆಯುತ್ತೇನೆ. ಕೈ ತಡೆದಿರುವುದು ಒಂದೇ ಕಡೆ. ‘ಇದು ಕೇಳಿದೊಡನೆ ಅಥವಾ ಕಂಡೊಡನೆ ನಿನ್ನ ಕೆಲಸ ಮಾಡು’ ಎಂಬ ಗುರುತಿಗೆ ಇಂಗ್ಲಿಷಿನಲ್ಲಿ ‘ಕ್ಯೂ’ ಎನ್ನುತ್ತಾರೆ. ಕನ್ನಡದಲ್ಲಿ ಏನೆನ್ನಬೇಕು?

ಅದೇ ಪದವನ್ನು ಇಟ್ಟುಕೊಳ್ಳಲು ಬರುವುದಿಲ್ಲ. ಕನ್ನಡದಲ್ಲಿ ಕ್ಯೂ ಎಂದರೆ ಪಡಿತರ ಅಂಗಡಿಯ ಮುಂದೆ ನಿಲ್ಲುವ ಸಾಲು. ಕಲಿಯುವವರು ಅದನ್ನು ಹಾಡುಗಳ ಸರದಿ ಎಂದೇ ತಿಳಿಯುತ್ತಾರೆ. ಹಾಗೆ ತಿಳಿಯುವುದು ಸಹಜ, ಏಕೆಂದರೆ ಅಂದಿನ ಹಾಡುಗಳನ್ನು ಒಂದರ ಹಿಂದೊಂದು ಜೋಡಿಸಿಟ್ಟ ಸಾಲೂ ಅವರ ಕಣ್ಣೆದುರಿಗೇ ಇರುತ್ತದೆ.

ಒಂದು ಪದಕ್ಕಾಗಿ ಇಷ್ಟು ಹಟವೇಕೆ ಎಂದು ಕೇಳಬಹುದು. ಈ ಕೆಲಸದ ಜೀವ ಇರುವುದೇ ಅಲ್ಲಿ. ಪವರ್‌ಪಾಯಿಂಟ್‌ನಲ್ಲಿ ಬಿ ಕೀಲಿ ಒತ್ತಿದರೆ ಪರದೆ ಕಪ್ಪಾಗುತ್ತದೆ, ಸ್ಲೈಡಿನ ಸಂಖ್ಯೆ ಒತ್ತಿ ಎಂಟರ್ ಒತ್ತಿದರೆ ನೇರವಾಗಿ ಆ ಸ್ಲೈಡ್ ಬರುತ್ತದೆ. ಓಪನ್‌ಎಲ್‌ಪಿ ಎಂಬ ಉಚಿತ ತಂತ್ರಾಂಶದಲ್ಲಿ ಪಲ್ಲವಿ, ಚರಣಗಳ ಸರದಿಯನ್ನು ಮೊದಲೇ ಬರೆದಿಡಬಹುದು. ಇವನ್ನು ಹತ್ತನೆಯ ತರಗತಿಯ ಹುಡುಗಿಯೂ ಒಂದು ಮಧ್ಯಾಹ್ನದಲ್ಲಿ ಕಲಿಯುತ್ತಾಳೆ. ಕಲಿಸಲು ಕಷ್ಟವಾಗುವುದು ಯಾವಾಗ ಒತ್ತಬೇಕು ಎಂಬುದನ್ನು. ಚರಣದ ಕೊನೆಯ ಸಾಲು ಪೂರ್ತಿ ಮುಗಿದ ಮೇಲೆ ಸ್ಲೈಡ್ ಬದಲಿಸಿದರೆ ತಡವಾಯಿತು. ಬಾಯಿಪಾಠ ಇದ್ದವರು ಮುಂದುವರಿಯುತ್ತಾರೆ, ಹೊಸದಾಗಿ ಬಂದವರು ಬಾಯಿ ಮುಚ್ಚಿಕೊಂಡು ನಿಲ್ಲುತ್ತಾರೆ. ಕೊನೆಯ ಎರಡು ಮೂರು ಶಬ್ದ ಉಳಿದಿರುವಾಗಲೇ ಬದಲಿಸಬೇಕು, ಹಾಡುವಾಗ ಕಣ್ಣು ಬಾಯಿಗಿಂತ ಮುಂದೆ ಇರುತ್ತದೆ. ಆದರೆ ಹಾಡಿಸುವವರು ಪಲ್ಲವಿಯನ್ನು ಇನ್ನೊಮ್ಮೆ ಹಿಡಿಯುತ್ತಾರೋ, ಮುಂದಿನ ಚರಣಕ್ಕೆ ಹೋಗುತ್ತಾರೋ? ಅದು ಅವರು ಉಸಿರು ಎಳೆದುಕೊಳ್ಳುವ ರೀತಿಯಲ್ಲಿ, ಹಾರ್ಮೋನಿಯಂ ತಗ್ಗುವುದರಲ್ಲಿ, ಢೋಲಕ್ ನುಡಿಸುವವನ ಬೆರಳುಗಳಲ್ಲಿ ಅರೆಕ್ಷಣ ಮೊದಲೇ ತಿಳಿಯುತ್ತದೆ. ಹಾಗೆಯೇ ಸಭಾಪಾಲಕರು ‘ಪ್ರಾರ್ಥಿಸೋಣ’ ಎಂದೊಡನೆ ಪರದೆ ಕಪ್ಪಾಗಬೇಕು. ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳನ್ನು ಒಂದೊಂದಾಗಿ ಧ್ಯಾನಿಸುವ ಗುಡ್ ಫ್ರೈಡೇ ಆರಾಧನೆಯಲ್ಲಿ ಒಬ್ಬರ ಪ್ರಸಂಗದ, ಅಂದರೆ ಬೋಧನೆಯ, ಕೊನೆಯ ವಾಕ್ಯವೇ ಮುಂದಿನ ಮಾತನ್ನು ಪರದೆಗೆ ತರುವ ಗುರುತು. ಇವೆಲ್ಲಕ್ಕೂ ಒಂದು ಹೆಸರು ಸಿಕ್ಕರೆ ಕಲಿಯುವವರು ಅದಕ್ಕಾಗಿ ಕಿವಿಗೊಟ್ಟು ಕಾಯುತ್ತಾರೆ ಎಂಬ ನಂಬಿಕೆ ನನ್ನದು.

ಮೊದಲು ಹೊಳೆದದ್ದು ‘ಸನ್ನೆ’. ಸಂಜ್ಞೆಯ ತದ್ಭವ, ಚಿಕ್ಕದು, ಎಲ್ಲರಿಗೂ ಗೊತ್ತು. ನಮ್ಮ ಕಡೆ ‘ಇಶಾರೆ’ ಎಂದೂ ಹೇಳುತ್ತಾರೆ, ಉರ್ದುವಿನಿಂದ ಬಂದದ್ದು. ಆದರೆ ಕಣ್ಸನ್ನೆಯಾಗಲಿ ಕೈಸನ್ನೆಯಾಗಲಿ ಕಣ್ಣಿಗೆ ಕಾಣುವಂಥದ್ದು, ಇಶಾರೆಯೂ ಹಾಗೆಯೇ. ಮೇಲೆ ಹೇಳಿದವುಗಳಲ್ಲಿ ಹೆಚ್ಚಿನವು ಕಿವಿಗೆ ಬೀಳುವಂಥವು. ಅದಕ್ಕಿಂತ ದೊಡ್ಡ ತೊಡಕೆಂದರೆ, ಸನ್ನೆಯನ್ನು ಒಬ್ಬರು ಬೇಕೆಂದೇ ಮಾಡುತ್ತಾರೆ. ಹಾಡಿಸುವವರು ಉಸಿರು ಎಳೆದುಕೊಳ್ಳುವುದು ಹಾಡಿಗಾಗಿ, ಲ್ಯಾಪ್‌ಟಾಪಿನ ಮುಂದೆ ಕುಳಿತವನಿಗಾಗಿ ಅಲ್ಲ.

‘ಸೂಚನೆ’ಗೆ ನಮ್ಮಲ್ಲಿ ಒಳ್ಳೆಯ ಹಿನ್ನೆಲೆ ಇದೆ. ಕುಮಾರವ್ಯಾಸನ ಕಾವ್ಯದ ಸಂಧಿಗಳ ಮೊದಲಿಗೆ ಮುಂದಿನ ಕಥೆಯನ್ನು ಸಾರುವ ಪದ್ಯಕ್ಕೆ ಸೂಚನೆ ಎಂದೇ ಹೆಸರು. ಬರಲಿರುವುದನ್ನು ಮೊದಲೇ ತಿಳಿಸುವ ಅರ್ಥ ಅಲ್ಲಿ ಜೀವಂತವಾಗಿದೆ. ಇಂದಿನ ಕಿವಿಗೆ ಮಾತ್ರ ಸೂಚನೆ ಎಂದರೆ ಗೋಡೆಗೆ ಅಂಟಿಸಿದ ಫಲಕ, ಇಲ್ಲವೇ ಮೇಲಿನವರ ಆದೇಶ. ಚರ್ಚಿನ ಒಳಗಂತೂ ಯೋಹಾನನ ಸುವಾರ್ತೆಯ ‘ಸೂಚಕಕಾರ್ಯ’, ಅಂದರೆ ಯೇಸುವಿನ ಅದ್ಭುತಗಳು, ನೆನಪಿಗೆ ಬರುತ್ತವೆ. ಅಂಥ ಭಾರದ ಮಾತನ್ನು ಸ್ಲೈಡ್ ಬದಲಿಸುವುದಕ್ಕೆ ಎಳೆದು ತರಲು ನನಗೆ ಮನಸ್ಸಿಲ್ಲ.

ಸದ್ಯ ನನ್ನ ಒಲವು ‘ಸುಳಿವು’ ಕಡೆಗಿದೆ. ಸುಳಿ ಎಂಬ ಧಾತುವಿನಿಂದ ಬಂದದ್ದು; ಗಾಳಿ ಸುಳಿಯುವುದೂ ಅದೇ. ಕಣ್ಣಿಗೆ ಕಂಡರೂ ಸುಳಿವು, ಕಿವಿಗೆ ಬಿದ್ದರೂ ಸುಳಿವು, ಮತ್ತು ಅದನ್ನು ಯಾರೂ ಉದ್ದೇಶಪಟ್ಟು ಕೊಡಬೇಕಾಗಿಲ್ಲ, ಎಚ್ಚರದಿಂದಿದ್ದವನು ಹಿಡಿಯುತ್ತಾನೆ. ಪತ್ರಿಕೆಗಳು ಈ ಪದವನ್ನು ಕಳ್ಳರ ಪತ್ತೆಗೆ ಮೀಸಲಿಟ್ಟಂತೆ ಬಳಸುತ್ತಿರುವುದು ಬೇಸರದ ಸಂಗತಿ. ಹಾಗಾಗಿ ಇಂಗ್ಲಿಷಿನ ಒಂದು ಪದಕ್ಕೆ ಕೈಪಿಡಿಯಲ್ಲಿ ಎರಡು ಪದ ಬಳಸುವ ಯೋಚನೆ ಇದೆ: ಹಾಡಿಸುವವರು ಕೈ ಎತ್ತಿ ‘ಪಲ್ಲವಿ ಇನ್ನೊಮ್ಮೆ’ ಎಂದು ತೋರಿಸಿದರೆ ಅದು ಸನ್ನೆ, ಅವರ ಉಸಿರಿನಿಂದಲೋ ಮಾತಿನ ಧಾಟಿಯಿಂದಲೋ ನೀವೇ ತಿಳಿದುಕೊಂಡರೆ ಅದು ಸುಳಿವು.

ಸಂಗೀತ ಬಲ್ಲ ಒಬ್ಬ ಹಿರಿಯರು ‘ಎತ್ತುಗಡೆ’ ಎಂಬ ಪದವನ್ನು ಹೇಳಿದರು. ಅದು ಹಾಡನ್ನು ಎತ್ತಿಕೊಳ್ಳುವ ಜಾಗ. ಅದಕ್ಕಿಂತ ಮೊದಲು ಸಿಗುವ ಗುರುತಿಗೂ ಅದನ್ನು ಹಿಗ್ಗಿಸಬಹುದೇ ಎಂಬುದು ನನ್ನ ಮೊದಲ ಪ್ರಶ್ನೆ.

ಎರಡನೆಯದು ದೊಡ್ಡಾಟ, ಭಜನಾ ಮೇಳ, ಕಂಪನಿ ನಾಟಕಗಳ ಒಡನಾಟ ಇರುವವರಿಗೆ. ಹಿಮ್ಮೇಳದವರು, ಪರದೆ ಎಳೆಯುವವರು, ದೀಪ ಆರಿಸುವವರು ‘ಈಗ’ ಎಂಬುದನ್ನು ತಿಳಿಯುವ ಆ ಕೊನೆಯ ಮಾತಿಗೆ ತಮ್ಮತಮ್ಮಲ್ಲಿ ಏನೆನ್ನುತ್ತಾರೆ? ಕಲಬುರಗಿ, ಯಾದಗಿರಿ ಕಡೆಯ ಬಳಕೆ ಸಿಕ್ಕರೆ ಇನ್ನೂ ಒಳ್ಳೆಯದು, ನಮ್ಮ ಹುಡುಗರ ಕಿವಿಗೆ ಅದು ಹತ್ತಿರ.

ಇದರ ಜೊತೆಗೆ ಇನ್ನೊಂದು ಸಣ್ಣ ಸಂಗತಿ. ‘ಸ್ಕ್ರೀನ್’ಗೆ ‘ತೆರೆ’ ಎಂಬ ಅಚ್ಚಗನ್ನಡ ಪದವನ್ನು ಬಿಟ್ಟು ‘ಪರದೆ’ಯನ್ನು ಇಟ್ಟುಕೊಂಡಿದ್ದೇನೆ. ‘ಕಡತ ತೆರೆ’, ‘ಹಾಡು ತೆರೆ’ ಎಂಬ ಆಜ್ಞೆಗಳು ಪುಟಪುಟಕ್ಕೂ ಬರುವ ಕೈಪಿಡಿಯಲ್ಲಿ ‘ತೆರೆ ತೆರೆ’ ಎಂದು ಬರೆದರೆ ಓದುವವರು ತಡವರಿಸುತ್ತಾರೆ. ಇದಕ್ಕೆ ಯಾರದಾದರೂ ಆಕ್ಷೇಪವಿದ್ದರೆ ಕಾರಣದೊಂದಿಗೆ ತಿಳಿಸಿ, ತಿದ್ದಿಕೊಳ್ಳಲು ಇನ್ನೂ ಸಮಯವಿದೆ.