ಸೋತ್ರ ಅಳೋ ಹುಡುಗ್ರನ್ನ ಆಟಕ್ಕ ಹಚ್ಚೋದು ಹೆಂಗ್ರಿ?

ಪ್ರಶ್ನೆ (ನವನಗರ, ಬಾಗಲಕೋಟೆ): ಎಲ್ಲಾರಿಗೂ ನಮಸ್ಕಾರ್ರಿ. ನಮ್ ಓಣ್ಯಾಗ ಆರರಿಂದ ಹನ್ನೊಂದ್ ವರ್ಷದ ಹುಡುಗ್ರು ಹತ್ತು-ಹನ್ನೆರಡು ಮಂದಿ ಅದಾರ, ಸಾಲಿ ಬಿಟ್ಟು ಬಂದ್ರ ಮೊಬೈಲ್ ಹಿಡ್ಕೊಂಡ್ ಕುಂದರ್ತಾರ. ಸಂಜಿಮುಂದ ಆಡಸಬೇಕಂತ ಮಾಡೇನಿ, ಆದ್ರ ಕ್ರಿಕೆಟ್ ಹಚ್ಚಿದ್ರ ಬ್ಯಾಟ್ ಯಾರ್ದೋ ಅವಂದ ಆಟ, ಔಟ್ ಅಂದ್ರ ಬ್ಯಾಟ್ ಬಗಲಾಗ ಹಿಡ್ಕೊಂಡ್ ಮನಿಗೆ ಹೊಂಡತಾನ. ನನ್ ಮಗ ಅಂತೂ ಸೋತ ದಿನ ಊಟಾನ ಮಾಡಂಗಿಲ್ಲ. ಯಾವ ಆಟ ಆಡಸ್ಲಿ, ಜಗಳ ಹೆಂಗ ಬಗಿಹರಸ್ಲಿ, ಗೊತ್ತಿದ್ದವ್ರು ಹೇಳ್ರಿ.

ಪೀಟಿ ಮಾಸ್ತರ್, ವಿಜಯಪುರ: ಅಕ್ಕಾರ, ಕ್ರಿಕೆಟ್ ಸ್ವಲ್ಪ ದಿನ ಬದಿಗಿಡ್ರಿ. ಒಬ್ಬ ಹೊಡಿತಾನ, ಒಬ್ಬ ಹಾಕ್ತಾನ, ಉಳದವ್ರು ಸೊಂಟದ ಮ್ಯಾಲೆ ಕೈ ಇಟ್ಕೊಂಡ್ ನಿಂತಿರ್ತಾವ, ಅದರಾಗ ಮೈ ಏನ್ ಬೆವರ್ತದ. ಐದರಿಂದ ಹದಿನೇಳ್ ವರ್ಷದ ಮಕ್ಕಳಿಗೆ ದಿನಕ್ಕ ಸರಾಸರಿ 60 ನಿಮಿಷ ಮೈ ದಣಿಯೋ ಚಟುವಟಿಕಿ ಬೇಕಂತ ವಿಶ್ವ ಆರೋಗ್ಯ ಸಂಸ್ಥೆನೂ ಹೇಳ್ತದ. ಖೋಖೋ ಹಚ್ರಿ. ನಿಯಮದ ಪ್ರಕಾರ ಎಂಟ್ ಮಂದಿ ಕುಂದರಬೇಕು, ನಿಮ್ ಕಡೆ ಐದ್ ಮಂದಿ ಕುಂತ್ರೂ ನಡೀತದ, ಒಬ್ಬ ಈ ಕಡೆ ಮಾರಿ, ಬಾಜೂದಾವ ಆ ಕಡೆ ಮಾರಿ. ಇದರಾಗ ಒಂದ್ ಮಜಾ ಅದ ನೋಡ್ರಿ, ಬೆನ್ನತ್ತಿದಾವ ಹೊಳ್ಳಂಗಿಲ್ಲ, ನಡುಗೆರಿ ದಾಟಂಗಿಲ್ಲ, ಹಿಂಗಾಗಿ ಎಷ್ಟ ಜೋರಾಗಿ ಓಡೋ ಹುಡುಗ ಆದ್ರೂ ಇನ್ನೊಬ್ಬನ ಬೆನ್ನ ಮುಟ್ಟಿ ‘ಖೋ’ ಅಂದು ಆಟ ಬಿಟ್ಟು ಕೊಡಾಕ ಬೇಕು. ನನಗ ಎಲ್ಲಾ ಕಸಿದು ಆಡೋ ಹುಡುಗನ ಚಾಳಿ ಇದರಾಗ ತಾನ ಇಳೀತದ, ನಾವು ಭಾಷಣ ಹೊಡಿಯೋದ ಬ್ಯಾಡ. 2025ರ ಜನವರಿಯೊಳಗ ದಿಲ್ಲಿಯಾಗ ಮೊದಲನೇ ಖೋಖೋ ವಿಶ್ವಕಪ್ ಆತಲ್ಲ, ಗಂಡ್ಮಕ್ಕಳು ಹೆಣ್ಮಕ್ಕಳು ಎರಡೂ ಕಪ್ ನಮ್ ದೇಶಕ್ಕ ಬಂದ್ವು, ಮೈಸೂರು ಕಡೆಯ ಚೈತ್ರಾ ಆ ಟೀಮ್‌ನ್ಯಾಗ ಇದ್ರು. ಅದರ ವಿಡಿಯೋ ಒಂದ್ಸಲ ತೋರಸ್ರಿ, ಮೊಬೈಲ್ ಅಷ್ಟಕ್ಕರ ಉಪಯೋಗ ಆಗ್ಲಿ.

ಟಿಳಕವಾಡಿ, ಬೆಳಗಾವಿ: ನಮ್ದು ಲಗೋರಿ ರೀ. ಏಳು ಹಂಚಿನ ತುಂಡು, ಒಂದ್ ಅರಿವಿ ಚೆಂಡು, ಖರ್ಚ ಇಲ್ಲ. ಮೊಣಕಾಲ ಕೆಳಗಷ್ಟ ಹೊಡೀಬೇಕು ಅಂತ ಮೊದಲ ಹೇಳಿಬಿಡ್ರಿ, ಟೆನಿಸ್ ಬಾಲ್ ಕೊಟ್ರ ಬೆನ್ನ ಮ್ಯಾಲೆ ಬಾಸುಂಡಿ ಏಳ್ತಾವ. ಮೊದ್ಲು ‘ತಾಗೇತಿ’, ‘ತಾಗಿಲ್ಲ’ ಅನ್ನೋದ್ರಾಗ ಸಂಜಿ ಮುಗೀತಿತ್ತು. ಆಮ್ಯಾಲೆ ಒಂದ್ ಕಾಯ್ದೆ ಮಾಡಿದ್ವಿ: ತಾನಾಗಿ ‘ನನಗ ತಾಗೇತಿ’ ಅಂದವ್ರಿಗೆ ಮುಂದಿನ ಆಟದಾಗ ಮೊದಲ ಚೆಂಡು. ಎರಡನೇತ್ತೆ ಓದೋ ಒಬ್ಬಾಕಿ, ಚೆಂಡು ಬರೇ ಲಂಗದ ಅಂಚಿಗೆ ಸವರಿ ಹೋಗಿತ್ತು, ಯಾರೂ ನೋಡಿರ್ಲಿಲ್ಲ, ಕೈಯಾಗ ಹಿಡಿದ ಹಂಚು ಕೆಳಗಿಟ್ಟು ‘ನಾ ಔಟ್’ ಅಂದ್ಲು. ಅವ್ರ ಟೀಮ್ನವ್ರ ಬೈದ್ರು! ಆದ್ರ ಮುಂದಿನ ಡಾವ್‌ನ್ಯಾಗ ಚೆಂಡು ಆಕಿ ಕೈಗೆ ಬಂದ್ ಕೂಡ್ಲೇ ಎಲ್ಲಾರೂ ಗಪ್ ಆದ್ರು.

ಇಳಕಲ್ಲ: ಚಾಕ್ಲೇಟ್ ಪ್ರೈಜ್ ಇಡ್ರಿ, ತಾವಾಗೇ ಬರ್ತಾರ.

ಪೀಟಿ ಮಾಸ್ತರ್: ಬ್ಯಾಡ್ರಿ ಸರ್, ಚಾಕ್ಲೇಟ್ ಇಟ್ರ ಸೋತವ್ರ ಅಳು ಡಬಲ್ ಆಗ್ತದ. ಕೊಡೋದಿದ್ರ ಎಲ್ಲಾರಿಗೂ ಶೇಂಗಾ ಉಂಡಿ ಕೊಡ್ರಿ.

ಜಮಖಂಡಿ ಕಾಕಾ: ತಂಗಿ, ಸಣ್ಣ ಕೂಸುಗಳನ್ನ ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಅಂತ ಇಟ್ಕೋ, ಅವು ಬಿದ್ದು ಎದ್ದು ಓಡಾಡ್ಕೋತ ಇರ್ತಾವ. ದೊಡ್ಡವ್ರಿಗೆ ಕಬಡ್ಡಿ ಹಚ್ಚು, ನಾವು ಹುತುತು ಅಂತಿದ್ವಿ. ಔಟ್ ಆದಾವ ಕಾಯಂ ಹೊರಗ ಕುಂದ್ರಂಗಿಲ್ಲ, ತನ್ ಕಡೆಯವ ಎದುರಿನವ್ರನ್ನ ಒಬ್ಬನ್ನ ಮುಟ್ಟಿ ಬಂದ್ರ ಇವ ಜೀವಂತ ಆಗಿ ಒಳಗ ಬರ್ತಾನ, ಅದಕ್ಕ ಹೊರಗ ಕುಂತಾವ್ನ ಎಲ್ಲಾರಕಿಂತ ಜೋರ ಒದರತಾನ. ಸಿಮೆಂಟ್ ಮ್ಯಾಲೆ ಆಡಸಬ್ಯಾಡ, ಮೊಣಕಾಲ ಕಿತ್ತಾವು. ಬ್ಯಾಸಿಗ್ಯಾಗ ಎರಿ ಹೊಲಾನೂ ಬ್ಯಾಡ, ಬಿರುಕಿನ್ಯಾಗ ಕಾಲ ಸಿಕ್ರ ಮುಗೀತು. ಮಸಾರಿ, ಅಂದ್ರ ಕೆಂಪು ಮಣ್ಣಿನ ಜಾಗಾ ನೋಡು, ಕಲ್ಲು ಆರಿಸು, ಸ್ವಲ್ಪ ನೀರ ಹೊಡಿ. ಜಗಳ ಬಂದ್ರ ನೀ ತೀರ್ಪು ಕೊಡಾಕ ಹೋಗಬ್ಯಾಡ, ‘ಡಾವ್ ಹೊಳ್ಳಿ ಆಡ್ರಿ’ ಅಂದ್ ಸುಮ್ನಾಗು. ಮತ್ತ ಟೀಮ್ ದಿನಾ ಬದಲಿ ಮಾಡು, ನಿನ್ನೆ ವೈರಿ ಆದಾವ ಇವತ್ತ ಬಾಜೂಕ ನಿಂತಿರಬೇಕು. ಅವ್ವ-ಅಪ್ಪಗೋಳು ಕಟ್ಟಿ ಮ್ಯಾಲೆ ಕುಂತು ‘ಹೊಡಿ, ಬಿಡಬ್ಯಾಡ’ ಅಂತ ಒದರಿದ್ರ ಮೊದಲ ಅವ್ರನ್ನ ಔಟ್ ಮಾಡು.

ಮುದ್ದೇಬಿಹಾಳ: ಏಪ್ರಿಲ್-ಮೇದಾಗ ಐದೂವರಿ ಮ್ಯಾಲೆನ ಹೊರಗ ಬಿಡ್ರಿ, ನಡುನಡುವ ನೀರು ಕುಡಸ್ರಿ. ಆಟ ಮುಗದ ಮ್ಯಾಲೆ ಉಪ್ಪು ಹಾಕಿದ ಮಜ್ಜಿಗಿ, ಬಾಟಲ್ ಕೂಲ್‌ಡ್ರಿಂಕ್ಸ್ ಅಲ್ಲ.

ಪ್ರಶ್ನೆ ಕೇಳಿದಾಕಿ: ಎಲ್ಲಾರಿಗೂ ಧನ್ಯವಾದ್ರಿ. ಖೋಖೋದಿಂದ ಚಾಲೂ ಮಾಡ್ತೀನಿ. ಸರ್, ಸಾಲಿನ ಎರಡೂ ತುದಿಗೆ ನೆಡೋ ಕಂಬ ಎಲ್ಲಿಂದ ತರ್ಲಿ?

ಪೀಟಿ ಮಾಸ್ತರ್: ಕಂಬ ಬ್ಯಾಡ್ರಿ, ಹಲ್ಲು ಮುರ್ಕೊಂಡಾವು. ಎರಡೂ ತುದಿಗೆ ಸುಣ್ಣದ ಪುಡಿಲೇ ದೊಡ್ಡ ರೌಂಡ್ ಹಾಕ್ರಿ, ಅದನ್ನ ಸುತ್ತಿ ಬಂದ್ರ ಕಂಬ ಸುತ್ತಿದಂಗ ಲೆಕ್ಕ.