ಚಿಕ್ಕಮ್ಮ, ಬನ್ನಿ. ಆದರೆ ಮಳೆಯ ರಾತ್ರಿ ಬೇಸ್‌ಮೆಂಟಿನಲ್ಲಿ ಮಲಗಬೇಡಿ

ಚಿಕ್ಕಮ್ಮ, ನಿಮ್ಮ ವಾಯ್ಸ್ ಮೆಸೇಜ್ ಎರಡು ಸಲ ಕೇಳಿದೆ. ಉದ್ದವಾಗಿ ಹೇಳುತ್ತೇನೆ, ಚಿಕ್ಕಪ್ಪನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ.

ಟಿವಿಯಲ್ಲಿ ಅಮೆರಿಕದ ನೆರೆ, ಬಿರುಗಾಳಿ, ಬಿಸಿಲು ನೋಡಿ ಹೆದರಿದ್ದೀರಿ. ಜೂನ್‌ನಲ್ಲಿ ನ್ಯೂಜೆರ್ಸಿಗೆ ನಿಮ್ಮ ಮಗ ಪುಟ್ಟನ ಮನೆಗೆ ಬರಬೇಕೋ ಬೇಡವೋ ಅಂತ ಕೇಳಿದ್ದೀರಿ. ಬನ್ನಿ. ಇಷ್ಟು ದೊಡ್ಡ ದೇಶದಲ್ಲಿ ಎಲ್ಲ ಕಡೆ ಒಂದೇ ದಿನ ಆಗುವುದಲ್ಲ ಇದು.

ಚಿಕ್ಕಪ್ಪ "ರಾಯಚೂರಿನವರಿಗೆ ಅಲ್ಲಿನದೆಂಥ ಬಿಸಿಲು" ಅಂದರಲ್ಲ, ಅದನ್ನು ಮಾತ್ರ ನಾನು ಒಪ್ಪುವುದಿಲ್ಲ. 2025ರ ಜೂನ್ 24ರಂದು ನ್ಯೂಜೆರ್ಸಿ ಪಕ್ಕದ ನ್ಯೂಯಾರ್ಕಿನ ಕೆನಡಿ ಏರ್‌ಪೋರ್ಟಿನಲ್ಲಿ 39 ಡಿಗ್ರಿ ಇತ್ತು. ನಮಗೆ ಅದು ಕಡಿಮೆ, ಸರಿ. ಆದರೆ ಅದು ಮಂಗಳೂರಿನ ಸೆಕೆಯ ಹಾಗೆ, ಬೆವರು ಆರುವುದೇ ಇಲ್ಲ. ರಾತ್ರಿಯೂ ತಂಪಾಗುವುದಿಲ್ಲ. ಮನೆಗಳೆಲ್ಲ ಎಸಿಯನ್ನೇ ನಂಬಿಕೊಂಡಿವೆ. 2024ರ ಜುಲೈನಲ್ಲಿ ಹ್ಯೂಸ್ಟನ್‌ಗೆ ಬೆರಿಲ್ ಚಂಡಮಾರುತ ಬಂದಾಗ 20 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ಕರೆಂಟ್ ಹೋಯಿತು. ಗಾಳಿ ಒಂದೇ ದಿನ. ಆಮೇಲೆ ಕರೆಂಟಿಲ್ಲದ ಮನೆಯೊಳಗೆ ಸೆಕೆಗೇ ವಯಸ್ಸಾದವರು ತೀರಿಕೊಂಡರು. ಚಿಕ್ಕಪ್ಪ, ದಯವಿಟ್ಟು ಮಧ್ಯಾಹ್ನದ ವಾಕಿಂಗ್ ಬೇಡ.

ಇನ್ನು ನೆರೆ. ನೀವು ನೋಡಿದ್ದು ನಮ್ಮ ಟೆಕ್ಸಾಸ್‌ನ ಗ್ವಾಡಲೂಪ್ ನದಿ, 2025ರ ಜುಲೈ 4ರದ್ದು. ಆಸ್ಟಿನ್‌ನ ನಮ್ಮ ಮನೆಯಿಂದ ಕಾರಿನಲ್ಲಿ ಎರಡು ಗಂಟೆ ದಾರಿ. ನಮ್ಮೂರಲ್ಲಿ ನಾರಾಯಣಪುರ ಡ್ಯಾಮಿನಿಂದ ನೀರು ಬಿಡುವಾಗ ಮೊದಲೇ ಹೇಳುತ್ತಾರೆ, ನದಿ ದಂಡೆಯವರು ದನಕರು ಹೊಡೆದುಕೊಂಡು ಮೇಲೆ ಬರುತ್ತಾರೆ ಅಲ್ವಾ? ಇಲ್ಲಿ ಹಾಗಲ್ಲ. ಸುಣ್ಣಕಲ್ಲಿನ ಗುಡ್ಡ, ಮೇಲೆ ತೆಳ್ಳಗೆ ಮಣ್ಣು. ಬಿದ್ದ ಮಳೆ ಇಂಗುವುದಿಲ್ಲ, ಸೀದಾ ಹಳ್ಳಕ್ಕೆ ಇಳಿಯುತ್ತದೆ. ಆ ರಾತ್ರಿ ನದಿ 45 ನಿಮಿಷದಲ್ಲಿ 26 ಅಡಿ ಏರಿತು. ಹವಾಮಾನ ಇಲಾಖೆ ರಾತ್ರಿ 1:14ಕ್ಕೇ ಎಚ್ಚರಿಕೆ ಕೊಟ್ಟಿತ್ತು. ಆದರೆ ಜನ ಮಲಗಿದ್ದರು. ಕಣಿವೆಯಲ್ಲಿ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ. ಆ ನೆರೆಗೆ ಟೆಕ್ಸಾಸ್‌ನಲ್ಲಿ ಒಟ್ಟು 130ಕ್ಕೂ ಹೆಚ್ಚು ಜನ ತೀರಿಕೊಂಡರು. ಹೆಣ್ಣುಮಕ್ಕಳ ಬೇಸಿಗೆ ಶಿಬಿರ ಒಂದರಲ್ಲೇ 27 ಜನ. ನನ್ನ ಮಗಳಿಗೂ ಆ ಮಕ್ಕಳದೇ ವಯಸ್ಸು ಚಿಕ್ಕಮ್ಮ, ಅವತ್ತಿನಿಂದ ಮಳೆ ಶುರುವಾದರೆ ನನಗೆ ನಿದ್ದೆ ಬರುವುದಿಲ್ಲ.

ಅದಕ್ಕೇ ನಮ್ಮ ಮನೆಯವರ ಈ ಗ್ರೂಪಿನಲ್ಲಿ ಅಮೆರಿಕದಲ್ಲಿರುವ ಎಲ್ಲರಿಗೂ ಕೈ ಮುಗಿದು ಕೇಳುತ್ತೇನೆ. ನಡುರಾತ್ರಿ ಫೋನ್ ಕಿರುಚುತ್ತದೆ, ಮಗು ಎದ್ದುಬಿಡುತ್ತದೆ ಅಂತ ಎಮರ್ಜೆನ್ಸಿ ಅಲರ್ಟ್ ಆಫ್ ಮಾಡಿಟ್ಟಿದ್ದೀರಲ್ಲ, ಇವತ್ತೇ ಆನ್ ಮಾಡಿ. ಪುಟ್ಟ, ನೀನೂ.

ಅಲರ್ಟ್ ಬಂದಾಗ ಸುಮ್ನೆ ಒತ್ತಿ ಮುಚ್ಚಬೇಡಿ, ಏನು ಬರೆದಿದೆ ಓದಿ. ಟಾರ್ನೇಡೊ, ಅಂದರೆ ಸುಂಟರಗಾಳಿ, ಅಂತಿದ್ದರೆ ಬೇಸ್‌ಮೆಂಟಿಗೆ, ಅಂದರೆ ಮನೆ ಕೆಳಗಿನ ನೆಲಮಾಳಿಗೆಗೆ, ಇಳಿಯಬೇಕು. ಫ್ಲ್ಯಾಶ್ ಫ್ಲಡ್, ಅಂದರೆ ದಿಢೀರ್ ನೆರೆ, ಅಂತಿದ್ದರೆ ಬೇಸ್‌ಮೆಂಟಿನಿಂದ ಮೇಲೆ ಬರಬೇಕು. ಎರಡೂ ಉಲ್ಟಾ! 2021ರ ಸೆಪ್ಟೆಂಬರ್ 1ರಂದು ಐಡಾ ಚಂಡಮಾರುತದ ಉಳಿಕೆ ನ್ಯೂಜೆರ್ಸಿಗೆ ಬಂದಾಗ ಒಂದೇ ಸಂಜೆ ಎರಡೂ ಆಯಿತು. ದಕ್ಷಿಣದ ಮಲಿಕಾ ಹಿಲ್‌ನಲ್ಲಿ ಟಾರ್ನೇಡೊ ಮನೆಗಳನ್ನು ಕೆಡವಿತು. ರಾತ್ರಿ ನ್ಯೂಯಾರ್ಕಿನಲ್ಲಿ ಒಂದೇ ಗಂಟೆಗೆ 8 ಸೆಂಟಿಮೀಟರ್ ಮಳೆ. ಅಲ್ಲಿ 11 ಜನ ತಾವಿದ್ದ ಬೇಸ್‌ಮೆಂಟ್ ಮನೆಯೊಳಗೇ ಮುಳುಗಿದರು. ನ್ಯೂಜೆರ್ಸಿಯಲ್ಲಿ ಬಹಳ ಜನ ಕಾರಿನಲ್ಲೇ ಸಿಕ್ಕಿಕೊಂಡರು. ಹರಿಯುವ ನೀರು ಒಂದಡಿ ಇದ್ದರೂ ಸಣ್ಣ ಕಾರನ್ನು ಎತ್ತಿ ಒಯ್ಯುತ್ತದೆ. ಪುಟ್ಟ "ಇಷ್ಟೇ ನೀರಲ್ವಾ" ಅಂದರೂ ನೀವು ಗಾಡಿ ತಿರುಗಿಸು ಅನ್ನಿ. ಅಮ್ಮ ಹೇಳಿದರೆ ಅವನು ಕೇಳುತ್ತಾನೆ.

ನಾನು ಇಷ್ಟು ಹೇಳುವುದಕ್ಕೆ ಒಂದು ಕಾರಣ ಇದೆ. ಊರಿಂದ ಅಪ್ಪ ಅಮ್ಮ ಬಂದರೆ ಇಲ್ಲಿ ಬಹಳ ಮನೆಗಳಲ್ಲಿ ಬೇಸ್‌ಮೆಂಟಿನಲ್ಲೇ ಹಾಸಿಗೆ ಹಾಕುತ್ತಾರೆ. ಬಾತ್‌ರೂಮ್ ಪಕ್ಕದಲ್ಲೇ, ತಂಪು, ಗಲಾಟೆ ಇಲ್ಲ ಅಂತ. ಪ್ರೀತಿಯಿಂದಲೇ ಮಾಡುತ್ತಾರೆ. ಮಳೆ ಇಲ್ಲದ ದಿನ ಹಗಲು ಅಲ್ಲೇ ಇರಿ, ತೊಂದರೆಯಿಲ್ಲ. ಜೋರು ಮಳೆ ಅಂದ ರಾತ್ರಿ ಮಾತ್ರ ಮೇಲೆ ಬಂದು ಹಾಲ್‌ನಲ್ಲಿ ಮಲಗಿ.

ಪುಟ್ಟ ನಿಮಗೆ ಯಾವ ರೂಮ್ ಮಾಡಿಟ್ಟಿದ್ದಾನೆ? ಕೇಳಿ ಹೇಳಿ. ಬೇಸ್‌ಮೆಂಟ್ ಆದರೆ ನಾನೇ ಅವನಿಗೆ ಫೋನ್ ಮಾಡುತ್ತೇನೆ.